ಅತ್ತೆಗೆ ಡಾಲ್ಫಿನ್ ತೋರಿಸಿದ್ದು

ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಕೆಲವರಿಗೆ ಆಗುವುದಿಲ್ಲ. ನನಗೆ ಅರ್ಧಂಬರ್ಧ ತಿಳಿದದ್ದನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಬಕೆಟ್ಟಿನ ನೀರೇ ಕಾದು ಕೂತಿರುವ ಕಲಬುರಗಿಯ ಬಿಸಿಲಿನಲ್ಲಿ ನಾನು ಮನೆ, ಕಚೇರಿ ಎನ್ನದೆ ಡಾಲ್ಫಿನ್ ಜಾತಿಗಳ ಬಗ್ಗೆ ಉಪನ್ಯಾಸ ಕೊಡುತ್ತ ತಿರುಗುತ್ತಿದ್ದೆ ಎಂದರೆ ನನ್ನ ಸ್ವಭಾವ ನಿಮಗೆ ಗೊತ್ತಾದೀತು.

ಅದಕ್ಕೆ ಕಾರಣವೂ ಇತ್ತು. ಕಮಲಾಪುರದ ನಮ್ಮ ಅತ್ತೆ ಗೌರಮ್ಮ, ಮಾವ ತೀರಿಕೊಂಡ ಮೇಲೆ ನಗುವುದನ್ನೇ ಬಿಟ್ಟಿದ್ದರು. ಮೊದಲೆಲ್ಲ ಅವರು ನಕ್ಕರೆ ಆಚೆ ಓಣಿಯವರು ಏನಾಯಿತೆಂದು ಬಂದು ಕೇಳುತ್ತಿದ್ದರು. ಈಗ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ, ಕೆಂಪು ಬಾಳೆಯ ತೋಟಕ್ಕೊಮ್ಮೆ ಹೋಗಿ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ರಜೆಯಲ್ಲಿ ಅವ್ವನನ್ನು ಅಂಡಮಾನಿಗೆ ಕರೆದೊಯ್ಯೋಣ ಎಂದು ನನ್ನ ಹೆಂಡತಿ ಸರೋಜಾ ಹಟ ಹಿಡಿದಳು. ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

"ಬೋಟಿನಾಗ ಹೋದ್ರ ಡಾಲ್ಫಿನ್ ಕಾಣ್ತಾವ ಅತ್ತಿ," ಎಂದೆ.

"ಮೀನ ನೋಡಾಕ ಅಷ್ಟು ದೂರ ಯಾಕ್ರಿ? ನಮ್ಮ ಮನ್ಯಾಗ ಮೀನಿನ ಹೆಸರು ಸೈತ ತಗೊಳ್ಳಂಗಿಲ್ಲ."

"ಅದು ಮೀನಲ್ಲ ಅತ್ತಿ. ಮರಿ ಹಾಕ್ತದ, ಹಾಲು ಕುಡಿಸ್ತದ."

"ಹಂಗಿದ್ರ ಎಮ್ಮಿ ಆತು. ಎಮ್ಮಿ ನಮ್ಮ ಕೊಟ್ಟಿಗ್ಯಾಗ ಅದಾವಲ್ಲ!"

ನಾನು ಸೋಲಲಿಲ್ಲ. ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಬಿಚ್ಚಿದೆ. ಬಾಟಲಿಯಂಥ ಮೂತಿಯದೊಂದು ಜಾತಿ. ಬೆನ್ನ ಮೇಲೆ ಡುಬ್ಬವಿರುವುದೊಂದು. ಮೈತುಂಬ ಚುಕ್ಕೆಯದು ಇನ್ನೊಂದು, ಅದರ ಮರಿಗೆ ಹುಟ್ಟುವಾಗ ಚುಕ್ಕೆ ಇರುವುದಿಲ್ಲ, ಬೆಳೆದಂತೆ ಮೂಡುತ್ತವೆ. ಮತ್ತೊಂದು ನೀರಿನಿಂದ ಮೇಲೆ ಹಾರಿ, ಗಾಳಿಯಲ್ಲೇ ಬುಗುರಿಯಂತೆ ಗಿರಗಿರ ತಿರುಗಿ ಬೀಳುತ್ತದೆ. ಇಲ್ಲಿಗೆ ಅತ್ತೆ ತಲೆಯೆತ್ತಿದರು.

"ಖರೇನ? ಯಾಕ ತಿರುಗ್ತಾವ?"

ಯಾಕೆಂದು ನಾನು ಓದಿರಲಿಲ್ಲ. "ಖುಷಿಗಿ ಅತ್ತಿ," ಎಂದುಬಿಟ್ಟೆ.

ಅವರು ಕಟ್ಟೆಯಿಂದ ಎದ್ದು ಸೆರಗು ಕೊಡವಿದರು. "ಸುಮ್‌ಸುಮ್ಕ ಖುಷಿ ಆಗ್ತದಂದ್ರ ನೋಡೂಣು, ನಡೀರಿ," ಎಂದರು.

ನನ್ನ ಸಹೋದ್ಯೋಗಿ, ಮೋಮಿನಪುರದ ನಯೀಮ್ ಹೊರಡುವ ಮುನ್ನ ಎಚ್ಚರಿಸಿದ್ದ: "ಭಾಯ್, ಸಮುದ್ರದಾಗ ತಲಿ ತಿರುಗ್ತದ. ಗೋಲಿ ನುಂಗಿ ಬೋಟ್ ಹತ್ರಿ." ಕಮಲಾಪುರದ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತು ಓಡಾಡಿದವನಿಗೆ ಸಮುದ್ರ ಏನು ಮಾಡೀತು ಎಂದು ನಕ್ಕುಬಿಟ್ಟೆ.

ಅಂಡಮಾನಿನಲ್ಲಿ ಬೆಳಗಿನ ಬೋಟು ಹೊರಟಾಗ ನಾನು ಕಂಬ ಹಿಡಿದು ನಿಂತು, ಉಳಿದ ಪ್ರವಾಸಿಗಳಿಗೂ ಕೇಳಲೆಂದು ಗಟ್ಟಿಯಾಗಿ ಜಾತಿಗಳ ವಿವರಣೆ ಶುರು ಮಾಡಿದೆ. ಬಾಟಲಿ ಮೂತಿ ಮುಗಿಸಿದೆ. ಡುಬ್ಬಕ್ಕೆ ಬರುವಷ್ಟರಲ್ಲಿ ಬಾಯಲ್ಲಿ ನೀರೂರಿತು. ಚುಕ್ಕೆಯ ಹೊತ್ತಿಗೆ ಕಣ್ಣೆದುರೇ ಚುಕ್ಕೆ ಕಾಣತೊಡಗಿದವು. ಸರೋಜಾ ಖಡಕ್ ರೊಟ್ಟಿ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಗಡಿಬಿಡಿಯಲ್ಲಿ ಬರಿದು ಮಾಡಿ ನನ್ನ ಕೈಗಿತ್ತಳು. ನಾನು ಅದರೊಳಗೆ ಮುಖವಿಟ್ಟೆ.

ಅದೇ ಹೊತ್ತಿಗೆ ಬೋಟಿನವನು ಕೂಗಿದ. ನೀರಿಗೆ ಏನೋ ಧಪ್ಪೆಂದು ಬಿದ್ದ ಸದ್ದು, ಜನರ ಚೀರಾಟ. "ಏ ಸರೂ, ನೋಡಲ್ಲೆ! ತಿರುಗಾಕತ್ತದ ನೋಡ, ತಿರುಗಾಕತ್ತದ!" ಎಂಬ ಅತ್ತೆಯ ಕೂಗು. ಅದರ ಬೆನ್ನಿಗೇ ಆ ನಗು. ಆಚೆ ಓಣಿಯವರನ್ನು ಕರೆತರುತ್ತಿದ್ದ ಅದೇ ನಗು. ನಾನು ತಲೆಯೆತ್ತಿದೆ. ನೀರಿನ ಮೇಲೆ ಒಂದು ನೊರೆಯ ಸುತ್ತು ಮಾತ್ರ ಇತ್ತು. ಮತ್ತೆ ತೆರೆ ಎದ್ದಿತು, ಮತ್ತೆ ಚೀಲ. ಸರೋಜಾ ಒಂದು ಕೈಯಿಂದ ನನ್ನ ಬೆನ್ನು ನೀವುತ್ತ, ಇನ್ನೊಂದರಿಂದ ತನ್ನ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಕಣ್ಣಲ್ಲೂ ನೀರಿತ್ತು. ಅದು ವಾಂತಿಯದೆಂದು ಹೇಳಿ ತಪ್ಪಿಸಿಕೊಂಡೆ. ಬೋಟಿನವನು ಕೂಗಿದಾಗ ಅವಳು ಗಡಿಬಿಡಿಯಲ್ಲಿ ತೆಗೆದ ವಿಡಿಯೋದಲ್ಲಾದರೂ ಡಾಲ್ಫಿನ್ ನೋಡೋಣವೆಂದರೆ, ಅದರಲ್ಲಿ ಇದ್ದದ್ದು ಆಕಾಶ, ಅವಳ ಹೆಬ್ಬೆರಳು ಮತ್ತು ನನ್ನ ಬೆನ್ನು.

ಊರಿಗೆ ಬಂದ ಮೇಲೆ ಒಂದು ಭಾನುವಾರ ಕಮಲಾಪುರಕ್ಕೆ ಹೋದೆವು. ಕಟ್ಟೆಯ ತುಂಬ ಓಣಿಯ ಹೆಂಗಸರು. ನಡುವೆ ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತು, ಕೈ ಮೇಲೆತ್ತಿ ತಾವೇ ಒಂದು ಸುತ್ತು ತಿರುಗಿ, ಡಾಲ್ಫಿನ್ ಹೇಗೆ ಹಾರಿತೆಂದು ತೋರಿಸುತ್ತಿದ್ದರು. ಎಲ್ಲರೂ ನಕ್ಕರು. ಆಮೇಲೆ ಸೆರಗನ್ನೇ ಚೀಲದಂತೆ ಹಿಡಿದು ಅದರಲ್ಲಿ ಮುಖವಿಟ್ಟು, ಅಳಿಯ ಹೇಗಿದ್ದನೆಂದು ತೋರಿಸಿದರು. ಈಗಿನ ನಗು ಮೊದಲಿನದಕ್ಕಿಂತ ಜೋರಾಗಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ.

"ಮುಂದಿನ ಸಲ ನಾವೂ ಬರ್ತೀವಿ ಗೌರಮ್ಮ," ಎಂದಳು ಪಕ್ಕದ ಮನೆಯ ಶಾಂತಮ್ಮ. "ಆದ್ರ ಅಷ್ಟು ದೂರ ಹೋದ ಮ್ಯಾಲ ಅವು ಕಾಣಲಿಲ್ಲಂದ್ರ?"

ಅತ್ತೆ ನನ್ನತ್ತ ಕೈ ತೋರಿಸಿ ಹೇಳಿದರು: "ಕಾಣಲಿಲ್ಲಂದ್ರ ಏನಾತು? ಅಳಿಯಂದ್ರು ಬರ್ತಾರಲ್ಲ!"