ಮರಳಿ ಬರುವವರು ಮರಳು ತರತಕ್ಕ ಬಗ್ಗೆ

ಇಲಾಖಾ ಕಚೇರಿ, ಮದರಾಸು
ಸಂಖ್ಯೆ: ದಡ/ಸವೆತ/೧೭/೫೮-೫೯
ದಿನಾಂಕ: ೧೨-೧-೧೯೫೯

ವಿಷಯ: ರಾಯಪುರಂನ ಗುಣವತಿಯವರ ಹೋಟೆಲಿನ ಹಿತ್ತಿಲನ್ನು ಸಮುದ್ರವು ತಿನ್ನುತ್ತಿರುವುದು, ಗಿರಾಕಿಗಳ ಪಾದಗಳ ಸದುಪಯೋಗ.

ಉಲ್ಲೇಖ: ೧) ಅಡುಗೆಮನೆ ತೆರವುಗೊಳಿಸುವಂತೆ ಹೊರಡಿಸಿದ ಆದೇಶ.
೨) ಅದಕ್ಕೆ ಗುಣವತಿಯವರ ಉತ್ತರ: “ನಾ ಎಲ್ಲಿಗೂ ಹೋತಿಲ್ಲೆ. ಕಡಲಿಗೇ ಹಿಂದೆ ಹೋಪುಕೆ ಹೇಳಿ.”

ಬಂದರಿನ ಗೋಡೆ ಎದ್ದಂದಿನಿಂದ ದಕ್ಷಿಣದಿಂದ ಬರುವ ಮರಳು ಅದಕ್ಕೆ ತಗುಲಿ ಮರೀನಾದಲ್ಲೇ ತಂಗುತ್ತಿದ್ದು, ಉತ್ತರದ ರಾಯಪುರಂ ದಡ ಸವೆಯುತ್ತಿದೆ. ಅಲೆಗೂ ಒಲೆಗೂ ಇಪ್ಪತ್ತು ಅಡಿ ಅಂತರವಿರಬೇಕಾದಲ್ಲಿ ಹತ್ತೊಂಬತ್ತೇ ಉಳಿದುದರಿಂದ ಉಲ್ಲೇಖ (೧) ಅನಿವಾರ್ಯವಾಗಿತ್ತು. ತದನಂತರದ ಬೆಳವಣಿಗೆಗಳನ್ನು ಗಮನಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಹೋಟೆಲಿನ ಬಾಗಿಲಲ್ಲಿರುವ ‘ಮರಳಿ ಬನ್ನಿ’ ಎಂಬ ಫಲಕವನ್ನು ಇಲಾಖೆಯ ಭಾಷಾಂತರಕಾರ ಬದರಿನಾಥರು ‘ಮರಳಿನೊಡನೆ ಬನ್ನಿ’ ಎಂದು ತಮಿಳಿಗೆ ತಂದು ಊರೆಲ್ಲ ಅಂಟಿಸಿರುತ್ತಾರೆ. ಗಿರಾಕಿಗಳು ಪಾಲಿಸಿರುತ್ತಾರೆ. ತಪ್ಪು ಗಮನಕ್ಕೆ ಬರುವಷ್ಟರಲ್ಲಿ ಹಿತ್ತಿಲು ಅರ್ಧ ಅಡಿ ಬೆಳೆದಿದ್ದರಿಂದ ಸದರಿ ತಪ್ಪನ್ನು ಖಾಯಂಗೊಳಿಸಲಾಗಿದೆ.

೨. ಮರೀನಾದಲ್ಲಿ ಗಾಳಿ ಸೇವಿಸುವವರು ಕಾಲು ಕೊಡವದೆ ನೇರ ರಾಯಪುರಂಗೆ ಬಂದು, ಹಿತ್ತಿಲಲ್ಲಿ ಕೊಡವಿದ ನಂತರವೇ ಕಾಫಿ ಕುಡಿಯತಕ್ಕದ್ದು. ಒದ್ದೆ ಪಂಚೆಯವರಿಗೆ ಹೆಚ್ಚು ಅಂಟುವುದರಿಂದ ಅವರಿಗೆ ಮೊದಲ ಬೆಂಚು.

೩. ಎಗ್ಮೋರ್ ರೈಲು ನಿಲ್ದಾಣದ ಕಡೆಯಿಂದ ಬರುವವರ ಕಾಲಲ್ಲಿರುವುದು ಧೂಳು. ಧೂಳನ್ನು ಮರಳೆಂದು ಪರಿಗಣಿಸಲಾಗದು. ಅಂಥವರಿಗೆ ಚಟ್ನಿ ಒಂದೇ ಸಲ.

೪. ಸಂಗ್ರಹವಾದ ಮರಳನ್ನು ಇಡ್ಲಿ ರವೆಯ ಡಬ್ಬದ ಬಳಿ ಇಡಕೂಡದು. ಕಳೆದ ಗುರುವಾರದ ಇಡ್ಲಿಯ ಬಗ್ಗೆ ತನಿಖಾಧಿಕಾರಿ ಕೊಟ್ರಪ್ಪನವರು ವರದಿ ಸಲ್ಲಿಸಿದ್ದು, ಅದರೊಡನೆ ಅವರದೇ ಒಂದು ಹಲ್ಲನ್ನು ಲಗತ್ತಿಸಲಾಗಿದೆ.

೫. ಸಂಜೆ ನಾಲ್ಕರಿಂದ ಆರರವರೆಗೆ ಗಿರಾಕಿಗಳ ನೂಕುನುಗ್ಗಲಿರುವುದರಿಂದ ಅಲೆಗಳು ಹಿತ್ತಿಲಿಗೆ ಬರಕೂಡದು. ಬಂದೇ ತೀರುವ ಅಲೆಯು ಬರಿಗೈಯಲ್ಲಿ ಬರಕೂಡದು.

೬. ಈ ಬೆಳಿಗ್ಗೆ ಅಳೆಯಲಾಗಿ ಅಂತರವು ಇಪ್ಪತ್ತು ಅಡಿ ಒಂದು ಅಂಗುಲ ಇರುತ್ತದೆ. ಉಲ್ಲೇಖ (೧)ನ್ನು ಸಂತೋಷದಿಂದ ರದ್ದುಗೊಳಿಸಲಾಗಿದೆ. ಆದರೆ ಕಡಲು ಇದಕ್ಕೆ ಒಪ್ಪಿದೆಯೆಂಬ ಭ್ರಮೆ ಇಲಾಖೆಗೆ ಇರುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಆ ಒಂದು ಅಂಗುಲ ಉಳಿಯಬೇಕಾದರೆ ಸಿಬ್ಬಂದಿಯೆಲ್ಲರೂ ದಿನವೂ ಸದರಿ ಹೋಟೆಲಿನಲ್ಲೇ ಕಾಫಿ ಕುಡಿಯುವುದು ಕರ್ತವ್ಯವೆಂದು ಭಾವಿಸತಕ್ಕದ್ದು.

(ಸಹಿ)
ದೊಡ್ಡಬಸಪ್ಪ
ಮೇಲ್ವಿಚಾರಕರು

ಪ್ರತಿಗಳು:
೧. ಬದರಿನಾಥರಿಗೆ. ಮುಂದೆಯೂ ಹೀಗೆಯೇ ಭಾಷಾಂತರಿಸುವಂತೆ.
೨. ಕೊಟ್ರಪ್ಪನವರಿಗೆ, ಹಲ್ಲಿನ ಸಮೇತ.
೩. ಬಂಗಾಳ ಕೊಲ್ಲಿಗೆ. ಅಲೆ ಹಿಂದೆ ಸರಿದಾಗ ಗಟ್ಟಿಯಾಗಿ ಓದಿ ಹೇಳತಕ್ಕದ್ದು.
೪. ಗುಣವತಿಯವರಿಗೆ. ಫಲಕ ಬದಲಿಸಕೂಡದು, ಒಲೆ ಆರಿಸಕೂಡದು, ಮರಳಿ ಬರುತ್ತಿದ್ದೇವೆ.