ಇಪ್ಪತ್ತನಾಲ್ಕು ತಿಂಗಳು ಕಾಯಬೇಕಾದ ಕಣ್ಣುಗಳ ಪರವಾಗಿ

ಆರೋಗ್ಯ ವಿಮೆಯ ಕೈಪಿಡಿಯಲ್ಲಿ ‘ವ್ಯಾಖ್ಯೆಗಳು’ ಎಂಬ ಭಾಗವನ್ನು ರಚಿಸಿ, ವಿನಯದಿಂದ ಹೆಸರು ಹಾಕಿಕೊಳ್ಳದೆ ಉಳಿದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಗಡಿಯಾರ ರಿಪೇರಿಯವನೊಬ್ಬನ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲವಾದರೂ ತಮ್ಮ ಕಾಯಿಲೆ ಯಾವ ಪುಟದ ಯಾವ ಕಲಮಿನಲ್ಲಿ ಬರುತ್ತದೆಂದು ತಮಗೆ ಗೊತ್ತಿರುವುದರಿಂದ ನಾನು ಚಿಂತಿಸುವುದಿಲ್ಲ.

ನನ್ನ ಹೆಂಡತಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ. ಅವಳು ಹೊಲಿಗೆಯವಳು. ಈಚೆಗೆ ಸೂಜಿಗೆ ದಾರ ಪೋಣಿಸಿಕೊಳ್ಳಲು ನನ್ನ ಅಂಗಡಿಗೆ ಬಂದು, ಗಿರಾಕಿಗಳಿದ್ದರೆ ಹೇಳಲು ನಾಚಿ ಬಾಗಿಲ ಬಳಿ ನಿಂತುಬಿಡುತ್ತಾಳೆ. ಶನಿವಾರ ಅವಳಿಗೆ ಐವತ್ತು ತುಂಬುತ್ತದೆ, ಆಮೇಲೆ ಪ್ರೀಮಿಯಂ ಒಂದೂವರೆ ಪಟ್ಟಾಗುತ್ತದೆ, ಆದ್ದರಿಂದ ಶುಕ್ರವಾರದೊಳಗೆ ಅರ್ಜಿ ಕೊಡಿ ಎಂದು ತಮ್ಮ ಕಚೇರಿಯವರು ಕೈಪಿಡಿ ಕೊಟ್ಟು ಕಳಿಸಿದರು.

ಅದರಲ್ಲಿದ್ದ ಮೂರು ಯೋಜನೆಗಳನ್ನು ಓದಿ ನಾನು ಧನ್ಯನಾದೆ. ಮೊದಲನೆಯದರಲ್ಲಿ ಪ್ರೀಮಿಯಂ ಬಲು ಅಗ್ಗ, ಆದರೆ ‘ಡಿಡಕ್ಟಿಬಲ್’ ಎಂಬ ಗೆರೆಯ ತನಕ ಖರ್ಚೆಲ್ಲ ನಮ್ಮದೇ; ಅಂದರೆ ಕಾಯಿಲೆ ಚೆನ್ನಾಗಿ ಬೆಳೆದು ದೊಡ್ಡದಾದ ಮೇಲೆಯೇ ತಾವು ಅದರ ಮುಖ ನೋಡುವುದು. ಎರಡನೆಯದರಲ್ಲಿ ‘ಕೋ-ಪೇ’, ಪ್ರತಿ ಬಿಲ್ಲಿನಲ್ಲೂ ಐದನೇ ಒಂದು ಪಾಲು ನಮ್ಮದು. ಕಷ್ಟದಲ್ಲಿ ಜೊತೆಗಿರುತ್ತೇವೆ ಎನ್ನುವ ನೆಂಟರು ಬಹಳ, ಎಷ್ಟು ಪಾಲು ಇರುತ್ತೇವೆಂದು ಮೊದಲೇ ಬರೆದುಕೊಟ್ಟವರು ತಾವೊಬ್ಬರೇ. ಮೂರನೆಯದರಲ್ಲಿ ಇವೆರಡೂ ಇಲ್ಲ, ಬದಲಿಗೆ ಆಸ್ಪತ್ರೆಯ ಕೋಣೆಯ ಬಾಡಿಗೆಗೆ ಮಿತಿ. ಬಾಡಿಗೆ ಅದರ ಎರಡರಷ್ಟಾದರೆ ಶಸ್ತ್ರವೈದ್ಯರ ಶುಲ್ಕದಲ್ಲೂ ಅರ್ಧವನ್ನೇ ತಾವು ಕೊಡುವುದು. ಮಂಚಕ್ಕೂ ವೈದ್ಯರ ಕೈಗೂ ಇರುವ ಈ ನಂಟನ್ನು ಕಂಡುಹಿಡಿದ ತಮ್ಮ ತಲೆಗೆ ಕೈ ಮುಗಿಯುತ್ತೇನೆ.

ಅರ್ಥವಾಗದ್ದನ್ನು ಬಿಚ್ಚಿ, ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡುವುದು ನನ್ನ ಕಸುಬಿನ ರೂಢಿ. ಅದರಂತೆ ತಮ್ಮ ವ್ಯಾಖ್ಯೆಗಳನ್ನು ಒಂದೊಂದಾಗಿ ಕತ್ತರಿಸಿ, ಯಾವುದು ಯಾವುದನ್ನು ತಿರುಗಿಸುತ್ತದೆ ಎಂದು ಜೋಡಿಸಿದೆ. ‘ಅರ್ಹ ವೆಚ್ಚ’ ಎಂದರೆ ಕಂಪನಿ ಒಪ್ಪಿದ ವೆಚ್ಚ. ‘ಒಪ್ಪಿದ ವೆಚ್ಚ’ ಎಂದರೆ ನಿಯಮಗಳಿಗೆ ಒಳಪಟ್ಟ ವೆಚ್ಚ. ‘ಒಳಪಟ್ಟ ವೆಚ್ಚ’ ಎಂದರೆ ಅರ್ಹ ವೆಚ್ಚ. ಮೂವತ್ತು ವರ್ಷದಲ್ಲಿ ಕೀಲಿ ಕೊಡದೆಯೇ ಹೀಗೆ ಸುತ್ತುವ ಯಂತ್ರವನ್ನು ನಾನು ಕಂಡಿರಲಿಲ್ಲ.

ಇಷ್ಟು ಸಂಭ್ರಮಪಟ್ಟ ಮೇಲೆ ಕತ್ತರಿಸಿದ ಚೂರುಗಳನ್ನು ತಿರುವಿದರೆ, ಅರ್ಜಿ ನಮೂನೆ ಅವುಗಳ ಬೆನ್ನಿಗೇ ಅಚ್ಚಾಗಿತ್ತು. ಹೆಂಡತಿಯ ಹೆಸರು ಬರೆಯುವ ಜಾಗ ಒಂದು ಚೂರಿನಲ್ಲಿ, ವಯಸ್ಸು ಇನ್ನೊಂದರಲ್ಲಿ. ಅಂಟಿಸಿಕೊಂಡು ತಮ್ಮ ಕಚೇರಿಗೆ ಓಡಿದೆ. ಕೌಂಟರಿನ ಹೆಣ್ಣುಮಗಳು ಪಾಪ, “ಅಂಟಿಸಿದ್ದು ನಡೆಯಲ್ಲ ಸಾರ್, ಹೊಸದು ಅಂಚೇಲೇ ಬರ್ಬೇಕು, ಹತ್ತು ದಿನ ಆಗತ್ತೆ” ಎಂದಳು. ನನ್ನ ಕೈಯಾರೆ ಹೆಂಡತಿಯ ಶುಕ್ರವಾರವನ್ನು ಕತ್ತರಿಸಿಬಿಟ್ಟೆ.

ಆದಕಾರಣ ಎರಡು ಸಣ್ಣ ಬಿನ್ನಹಗಳು. ಹೊಸ ನಮೂನೆ ತಲುಪುವವರೆಗೆ ನನ್ನ ಹೆಂಡತಿಗೆ ನಲವತ್ತೊಂಬತ್ತೇ ಇರುವಂತೆ ತಮ್ಮ ಕಚೇರಿಯಿಂದ ಒಂದು ಆದೇಶ ಹೊರಡಿಸಬೇಕು. ಮತ್ತು ಯಾವ ಯೋಜನೆ ಹಿಡಿದರೂ ಪೊರೆಗೆ ಇಪ್ಪತ್ತನಾಲ್ಕು ತಿಂಗಳ ‘ಕಾಯುವ ಅವಧಿ’, ಅಂದರೆ ಅಲ್ಲಿಯತನಕ ತಮ್ಮಿಂದ ಬಿಡಿಗಾಸೂ ಸಿಗದ ಅವಧಿ, ಇರುವುದರಿಂದ, ಆ ವಿಷಯವನ್ನು ಪೊರೆಗೇ ನೇರವಾಗಿ, ಸಾಧ್ಯವಾದರೆ ತಮ್ಮದೇ ಶೈಲಿಯಲ್ಲಿ ಬರೆದು ತಿಳಿಸಬೇಕು. ಅರ್ಥ ಮಾಡಿಕೊಳ್ಳಲು ಅದಕ್ಕೆ ಎರಡು ವರ್ಷವಾದರೂ ಬೇಕಾದೀತು.

ಅಪಾರ ಗೌರವದೊಂದಿಗೆ, ಎಲ್ಲ ಷರತ್ತುಗಳಿಗೂ ಒಳಪಟ್ಟು,

ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವನು

ಮರೆತ ಮಾತು: ಈ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ, ಅವಳೇ ಓದಿಕೊಳ್ಳುವುದು ಈಗ ಆಗುವುದಿಲ್ಲ. ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ: ಇದನ್ನು ಬರೆದವರು ತಮ್ಮ ಹೆತ್ತತಾಯಿಗೆ ಈ ಮೂರರಲ್ಲಿ ಯಾವುದನ್ನು ಮಾಡಿಸಿದ್ದಾರೆ? ದಯವಿಟ್ಟು ಒಂದೇ ಸಾಲು ಬರೆಯಿರಿ, ನಾವೂ ಅದನ್ನೇ ಹಿಡಿಯುತ್ತೇವೆ. ಒಂದನ್ನೂ ಮಾಡಿಸಿಲ್ಲವಾದರೆ, ಅದನ್ನಾದರೂ ಅರ್ಥವಾಗುವ ಹಾಗೆ ಬರೆಯಿರಿ.