ದೇವರಿಲ್ಲದ ಗುಡ್ಡಕ್ಕೆ ಸವಾರಿ

ಜಗಳೂರಿನ ಪಾತ್ರೆ ಅಂಗಡಿ ಕಲ್ಲೇಶನಿಗೆ ಆಷಾಢ ಬಂತೆಂದರೆ ಕೈಗೆ ಕೆಲಸವಿಲ್ಲ, ಕಿವಿಗೆ ಬಿಡುವಿಲ್ಲ. ಮದುವೆಗಳೇ ಇಲ್ಲದ ತಿಂಗಳಲ್ಲಿ ಕೊಳಗ, ಬಿಂದಿಗೆ, ಹರಿವಾಣ ಕೇಳುವವರು ಯಾರು? ಗಲ್ಲಾಪೆಟ್ಟಿಗೆ ಮುಂದೆ ನೊಣ ಹೊಡೆಯುವ ಬದಲು ಮನೆಯಲ್ಲೇ ಇರೋಣವೆಂದರೆ ಅಲ್ಲಿ ಅವನ ಧರ್ಮಪತ್ನಿ ಪವಿತ್ರ ಇರುತ್ತಾಳೆ. ಈ ಸಲ ಅವಳು ಕಾಫಿ ಲೋಟದ ಜೊತೆಗೇ ತಕರಾರು ತಂದು ಎದುರಿಗಿಟ್ಟಳು.

“ರೀ, ಮದುವೆಯಾದ ಮೇಲೆ ನನ್ನ ಎಲ್ಲೆಲ್ಲಿ ಸುತ್ತಾಡ್ಸೀರಿ, ಹೇಳ್ರಿ ನೋಡಾನ.”

“ಉಚ್ಚಂಗಿ ಗುಡ್ಡಕ್ಕೆ ಹೋಗಿರ್ಲಿಲ್ವಾ? ನಮ್ಮ ಹನಿಮೂನೇ ಅಲ್ಲಾಯ್ತು.”

“ಹೂಂ, ಆಯ್ತು. ನಿಮ್ಮವ್ವನೂ ಇದ್ರು, ಸೋದರತ್ತೆನೂ ಇದ್ರು, ಒಂದು ಚೀಲ ತೆಂಗಿನಕಾಯಿನೂ ಇತ್ತು. ಆಮೇಲೆ?”

“ಉಕ್ಕಡಗಾತ್ರಿ... ಸೂರಗೊಂಡನಕೊಪ್ಪ...”

“ಎಲ್ಲಾ ಕಡೆ ದೇವ್ರು! ಎಲ್ಲಾ ಕಡೆ ಪಾಳಿ! ಎಲ್ಲಾ ಕಡೆ ‘ಮುಂದಕ್ ನಡೀರಿ, ಮುಂದಕ್ ನಡೀರಿ!’ ನಮ್ಮಕ್ಕ ಆಶಾ ಊಟಿ ನೋಡ್ಕೊಂಡು ಬಂದು ದಿನಕ್ಕೊಂದು ಫೋಟೋ ಸ್ಟೇಟಸ್‌ಗೆ ಹಾಕ್ತಾಳೆ. ನನಗೂ ದೇವ್ರಿಲ್ಲದ ಒಂದು ಗುಡ್ಡ ತೋರಿಸ್ರಿ. ಅಲ್ಲಿ ಮಂಜಿರ್ಬೇಕು, ನಾನಿರ್ಬೇಕು, ಬೇಕಾದ್ರೆ ನೀವೂ ಇರ್ರಿ. ಒಂದೇ ಒಂದು ಗಂಟೆ ಸದ್ದು ಕೇಳ್ತೋ, ಅಲ್ಲಿಂದ್ಲೇ ಬಸ್ ಹತ್ತಿ ಹೊನ್ನಾಳಿಗೆ ಹೋಗ್ತೀನಿ. ಗೌರಿ ಹಬ್ಬ ಮುಗಿಯೋ ತನ್ಕ ನನ್ನ ಮಾರಿ ನೋಡಂಗಿಲ್ಲ.”

ಹೊನ್ನಾಳಿ ಅವಳ ತವರು. ಮಕ್ಕಳಿಬ್ಬರೂ ಆಗಲೇ ಅಲ್ಲಿ ಅಜ್ಜಿಯ ಮಡಿಲು ಸೇರಿದ್ದರು. ಇವಳೂ ಹೊರಟರೆ ಶ್ರಾವಣವಿಡೀ ಕಲ್ಲೇಶನ ಗತಿ ಏನು? ಎಂತೆಂಥ ಪಾತ್ರೆ ಬೇಕಾದರೂ ಮಾರಬಲ್ಲ ಮಹಾಶಯ, ಅದರೊಳಗೆ ಏನು ಹಾಕಿದರೆ ಸಾರಾಗುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ತಕ್ಷಣ ಒಪ್ಪಿಕೊಂಡ.

ಒಪ್ಪಿದ್ದೇನೋ ಸರಿ, ಆದರೆ ಆ ಮನೆಯಲ್ಲಿ ಹಿರಿಯರ ಮಾತಿಲ್ಲದೆ ಹೊಸಿಲು ದಾಟಿ ಊರು ಸುತ್ತುವ ಪದ್ಧತಿ ಇಲ್ಲ. ಹಿರಿಯರೆಂದರೆ ಅವ್ವ ಭೀಮಕ್ಕ. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದವಳು ತಲೆ ಎತ್ತಿದಳು.

“ಗುಡ್ಡಕ್ಕೆ ಹೋಗ್ತೀರಾ? ಯಾವ ದೇವ್ರು?”

“ದೇವ್ರು ಅಂತ ಏನಿಲ್ಲವ್ವ. ಸುಮ್ನೆ ನೋಡ್ಕೊಂಡು ಬರಾಕೆ.”

“ದೇವ್ರಿಲ್ಲದ ಗುಡ್ಡಕ್ಕೆ ಕುರಿ ಹೋಗ್ತಾವಪ್ಪ, ಮನುಷ್ರು ಯಾಕೆ ಹೋಗ್ತಾರೆ? ಬ್ಯಾಡ. ಮೊದ್ಲೇ ಆಷಾಢ, ಸುಮ್ನೆ ಮನ್ಯಾಗಿರ್ರಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಲ್ಲೇಶ ನಿಂತ ನಿಲುವಿನಲ್ಲೇ ದೇವಸೃಷ್ಟಿ ಮಾಡಿದ. (ದೇವರು ಮನುಷ್ಯನನ್ನು ಮಾಡಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿರಬೇಕು.)

“ಅಯ್ಯೋ, ಮರ್ತೇಬಿಟ್ಟಿದ್ದೆ ನೋಡವ್ವ. ಗಾಳಿಗುಡ್ಡದಯ್ಯ ಅಂತ ಅವ್ನೆ.”

“ಎಂಥ ದೇವ್ರು? ಉದ್ಭವನಾ? ಕುರಿ ಕೇಳ್ತಾನಾ, ಹೋಳಿಗೆ ಕೇಳ್ತಾನಾ?”

“ಉದ್ಭವ. ಬಾಳ ಸೌಮ್ಯ. ಹಣ್ಣುಕಾಯಿ ಸಾಕು.”

“ಸತ್ಯುಳ್ಳ ದೇವ್ರಾ?”

“ಬಾಳ!” ಎಂದ ಕಲ್ಲೇಶ. ಸುಳ್ಳು ಹೇಳುವಾಗ ಕಂಜೂಸುತನ ಮಾಡಬಾರದೆಂಬುದು ಅವನ ವ್ಯಾಪಾರದ ಅನುಭವ.

“ಹಂಗಾದ್ರೆ ನಾನೂ ಬರ್ತೀನಿ” ಎಂದಳು ಭೀಮಕ್ಕ.

ಅವ್ವನಿಗೂ ಮಂಜು ನೋಡುವ ಆಸೆಯಂತೆ ಎಂದು ಹೇಳಿ ಪವಿತ್ರಳನ್ನು ಒಪ್ಪಿಸಿದ. ಹೀಗೆ ಒಂದೇ ಗುಡ್ಡ, ಒಂದೇ ಕಾರು, ಎರಡು ಯಾತ್ರೆ. ಗುಡ್ಡದ ಹೆಸರು ಕೇಳಬೇಡಿ. ಹೇಳಿದರೆ ನೀವೂ ಹೊರಟುಬಿಡುತ್ತೀರಿ, ಅಲ್ಲಿ ಈಗಾಗಲೇ ಕಾರು ನಿಲ್ಲಿಸಲು ಜಾಗವಿಲ್ಲ. ಬಾಡಿಗೆ ಕಾರಿನ ಡ್ರೈವರ್ ದುರುಗಪ್ಪನನ್ನು ಮಾತ್ರ ಕಲ್ಲೇಶ ಪಕ್ಕಕ್ಕೆ ಕರೆದು ಗುಟ್ಟು ತಿಳಿಸಿದ. “ಅಜ್ಜಿ ಕೇಳಿದ್ರೆ ದೇವ್ರು ಐತೆ, ಅಕ್ಕ ಕೇಳಿದ್ರೆ ಇಲ್ಲ. ತಿಳೀತಾ?” ದುರುಗಪ್ಪ ಹಲ್ಲುಕಡ್ಡಿ ತೆಗೆದು, “ಬಿಡ್ರಿ ಅಣ್ಣಾ, ಗಿರಾಕಿ ಕೇಳಿದ ಊರಿಗೆ ಬಿಡೋದೇ ನಮ್ಮ ಕೆಲ್ಸ” ಎಂದ.

ಬೆಳಗ್ಗೆ ಹೊರಟರು. ಪವಿತ್ರ ಹೊಸ ಚೂಡಿದಾರ, ಅದರ ಮೇಲೆ ಟೋಪಿಯಿರುವ ಕೆಂಪು ಜರ್ಕಿನ್, ಕಣ್ಣಿಗೆ ಕರಿ ಕನ್ನಡಕ. ಭೀಮಕ್ಕ ಇಳಕಲ್ ಸೀರೆ, ಹೆಗಲಿಗೆ ಕರಿ ಕಂಬಳಿ, ಮಡಿಲಲ್ಲಿ ಬಾಯಿ ಕಟ್ಟಿದ ಹಣ್ಣುಕಾಯಿ ಚೀಲ. ಇಬ್ಬರ ನಡುವೆ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ತುಂಬಿದ ಬುಟ್ಟಿ. ಆ ಬುಟ್ಟಿಯ ವಾಸನೆ ದಾವಣಗೆರೆ ದಾಟುವ ಮೊದಲೇ ಕಲ್ಲೇಶನ ಹೊಟ್ಟೆಯನ್ನು ಮಾತಾಡಿಸತೊಡಗಿತ್ತು.

“ಅವ್ವ, ನಾಷ್ಟ ಮಾಡಾನ?”

“ದರ್ಶನ ಆಗೋ ತನ್ಕ ನಂದು ಉಪಾಸ” ಎಂದಳು ಭೀಮಕ್ಕ, ಉಪವಾಸ ಸಾರಿಕೊಳ್ಳಬಾರದೆಂದು ಅವನಿಗಷ್ಟೇ ಕೇಳುವಂತೆ. ಅತ್ತೆ ಹಸಿದಿರುವಾಗ ಸೊಸೆ ಬುಟ್ಟಿ ಬಿಚ್ಚುವುದಿಲ್ಲ, ಹೆಂಡತಿ ಬುಟ್ಟಿ ಬಿಚ್ಚದೆ ಗಂಡನಿಗೆ ರೊಟ್ಟಿ ಇಲ್ಲ. “ಅತ್ತೆ ಯಾಕೆ ಉಣ್ತಿಲ್ಲ?” ಎಂದು ಪವಿತ್ರ ಪಿಸುಗುಟ್ಟಿದ್ದಕ್ಕೆ “ಹೊಟ್ಟೆ ಸರಿಯಿಲ್ವಂತೆ” ಎಂದ. “ದೇವ್ರಿಗೆ ಹೋಗುವಾಗ ಇವ್ಳು ಕರಿ ಕನ್ನಡಕ ಯಾಕೆ ಹಾಕ್ಯಾಳೆ?” ಎಂದು ಅವ್ವ ಅವನ ಕಿವಿಯಲ್ಲಿ ಕೇಳಿದ್ದಕ್ಕೆ “ಕಣ್ಣು ಬಂದೈತಂತೆ” ಎಂದ. ಯಾರಿಗೆ ಏನು ಹೇಳಿದೆನೆಂದು ನೆನಪಿಡುವುದರಲ್ಲೇ ಅರ್ಧ ದಾರಿ ಸವೆಯಿತು.

ಸೂಳೆಕೆರೆ ಕಂಡಾಗ ಪವಿತ್ರ “ಆಹಾ, ಎಷ್ಟು ನೀರು!” ಎಂದಳು. ಭೀಮಕ್ಕ ತಲೆ ಹೊರಗೆ ಹಾಕಿ ನೋಡಿ, “ಇಲ್ಲೇ ನೀರೈತೆ, ಗುಡ್ಡ ಐತೆ, ಸಿದ್ದೇಶ್ವರನೂ ಅವ್ನೆ. ಇಲ್ಲೇ ಮುಗಿಸ್ಕೊಂಡು ಹೊಳ್ಳಿ ಹೋಗಾನ” ಎಂದಳು. ಕಲ್ಲೇಶ ದುರುಗಪ್ಪನ ಮೊಣಕಾಲಿಗೆ ತಿವಿದ. ಕಾರು ಚನ್ನಗಿರಿ ದಾಟುವವರೆಗೆ ಎಲ್ಲೂ ನಿಲ್ಲಲಿಲ್ಲ.

ಗುಡ್ಡದ ನೆತ್ತಿ ತಲುಪಿದರೆ ಗುಡ್ಡವೇ ಇಲ್ಲ! ಬರೀ ಮಂಜು. ಎದುರಿಗೂ ಮಂಜು, ಹಿಂದಕ್ಕೂ ಮಂಜು, ತನ್ನ ಚಪ್ಪಲಿ ತನಗೇ ಕಾಣದಷ್ಟು. ಬೇರೆಯವರಾದರೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಕಲ್ಲೇಶ ಮಾತ್ರ ಕುಣಿಯುವುದೊಂದು ಬಾಕಿ. ಏನೂ ಕಾಣದ ಜಾಗದಲ್ಲಿ ದೇವರು ಇದ್ದಾನೆಂದರೂ ನಡೆಯುತ್ತದೆ, ಇಲ್ಲವೆಂದರೂ ನಡೆಯುತ್ತದೆ.

ಪವಿತ್ರಳನ್ನು ಕಂಬಿಬೇಲಿಯ ಹತ್ತಿರ ನಿಲ್ಲಿಸಿ, “ಮಂಜಿನ್ಯಾಗೆ ಸೆಲ್ಫಿ ತಕ್ಕೋ” ಎಂದ. ಅವ್ವನನ್ನು ಅತ್ತ ಕಲ್ಲುಬೆಂಚಿನ ಮೇಲೆ ಕೂರಿಸಿ, “ಎದುರಿಗೇ ಗುಡಿ ಐತೆ. ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ. ಇಲ್ಲಿಂದ್ಲೇ ಕೈ ಮುಗಿ, ನಾನು ಕಾಯಿ ಒಡಿಸ್ಕೊಂಡು ಬರ್ತೀನಿ” ಎಂದು ಚೀಲ ಇಸಿದುಕೊಂಡ.

ನಾಲ್ಕು ಹೆಜ್ಜೆ ಮಂಜಿನೊಳಗೆ ಹೋಗಿ ಬಂಡೆಗೆ ಕಾಯಿ ಕುಟ್ಟಿದ. ಗಂಟೆ ಇಲ್ಲದ ಪೂಜೆಯನ್ನು ಭೀಮಕ್ಕ ನಂಬುವ ಪೈಕಿ ಅಲ್ಲ. ಚೀಲದಲ್ಲಿ ಸ್ಟೀಲ್ ತಟ್ಟೆ ಇತ್ತು, ಚಮಚ ಇತ್ತು. ಸ್ವಂತ ಅಂಗಡಿಯ ಮಾಲು, ನಾದಕ್ಕೇನು ಕೊರತೆ! ಟಣ್ ಟಣ್ ಟಣ್ ಎಂದು ಬಾರಿಸಿದ. ಸಾಲದೆಂದು ಮೂಗು ಹಿಡಿದುಕೊಂಡು ಪೂಜಾರಿ ದನಿಯಲ್ಲಿ ಓಂ, ಹ್ರೀಂ, ಎಂದು ತೋಚಿದ್ದನ್ನೆಲ್ಲ ಒದರಿದ.

ಮಂಜಿನಾಚೆಯಿಂದ ಪವಿತ್ರಳ ದನಿ ಬಂತು. “ರೀ! ಗಂಟೆ ಕೇಳ್ತು! ಹೊನ್ನಾಳಿ ಬಸ್ ಎಲ್ಲಿ ಸಿಗ್ತೈತೆ?”

ಇನ್ನೊಂದು ಕಡೆಯಿಂದ ಯಾರೋ ಪ್ರವಾಸಿಗರು, “ಸಾರ್, ಇಲ್ಲಿ ದೇವಸ್ಥಾನ ಐತಾ? ಯಾವ ಕಡೆ ಬರ್ಬೇಕು?” ಎಂದು ಕೂಗಿದರು. ಮೊಮ್ಮಗುವಿನ ಕೈ ಹಿಡಿದ ಒಬ್ಬ ಅಜ್ಜಿಯಂತೂ ಕಲ್ಲೇಶನ ಮುಂದೆಯೇ ಪ್ರತ್ಯಕ್ಷಳಾಗಿ ತೀರ್ಥಕ್ಕೆ ಕೈ ಒಡ್ಡಿದಳು. ಅವನು ಗಾಬರಿಯಲ್ಲಿ ಬಾಟಲಿ ನೀರು ಹಾಕಿ ಓಡಿದ. ಬಲಕ್ಕೆ ಓಡಿದನೋ ಎಡಕ್ಕೆ ಓಡಿದನೋ ಅವನಿಗೇ ತಿಳಿಯಲಿಲ್ಲ. ಕೊನೆಗೆ ಕರಿ ಕಂಬಳಿಯೊಂದು ಕಂಡಿತು. ಬದುಕಿದೆ ಎಂದುಕೊಂಡು ಅದರ ಕಿವಿಯಲ್ಲಿ ಉಸುರಿದ.

“ಅವ್ವಾ, ಪೂಜೆ ಆಯ್ತು. ಅಯ್ಯ ಎದುರಿಗೇ ಅವ್ನೆ, ಬೇಗ ಕೈ ಮುಗಿ. ಪವಿತ್ರಂಗೆ ಮಾತ್ರ ಬಾಯಿ ಬಿಡಬ್ಯಾಡ. ಅವ್ಳಿಗೆ ಇಲ್ಲಿ ದೇವ್ರೇ ಇಲ್ಲ ಅಂತ ಹೇಳಿ ಕರ್ಕೊಂಡು ಬಂದೀನಿ.”

ಕಂಬಳಿ “ಹೂಂ” ಎಂದಿತು. ಅಷ್ಟೇ.

ಅಲ್ಲಿಂದ ತಡವರಿಸುತ್ತಾ ಬಂದರೆ ಕೆಂಪು ಜರ್ಕಿನ್ ಕಂಡಿತು. ಟೋಪಿ ಎಳೆದುಕೊಂಡು ಬೆನ್ನು ತಿರುಗಿಸಿ ಕೂತಿದೆ. ಕೋಪದ ಲಕ್ಷಣ! ಕಲ್ಲೇಶ ಮಂಡಿಯೂರಿಬಿಟ್ಟ.

“ಪವೀ, ಹೊನ್ನಾಳಿಗೆ ಹೋಗಬ್ಯಾಡ್ವೇ. ಗಂಟೆ ಅಲ್ಲ ಅದು, ನಾನೇ ತಟ್ಟೆ ಬಾರಿಸಿದ್ದು. ಅವ್ವ ಬಿಡ್ಲಿಲ್ಲ ಅಂತ ಬಾಯಿಗೆ ಬಂದ ಹೆಸ್ರು ಹೇಳ್ದೆ. ಆ ಮುದುಕಿಗೇನು ಗೊತ್ತಾಗ್ತೈತೆ? ಇಲ್ಲಿ ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ನಿನ್ನಾಣೆ!”

ಜರ್ಕಿನ್ ನಿಧಾನವಾಗಿ ತಿರುಗಿತು. ಟೋಪಿಯೊಳಗೆ ಕಾಸಗಲ ಕುಂಕುಮ, ಅದರ ಕೆಳಗೆ ಭೀಮಕ್ಕನ ಮೂಗುಬೊಟ್ಟು.

“ಹಂಗಾ ಮಗನೇ?” ಎಂದಳು ಭೀಮಕ್ಕ.

“ಹಂಗಂತೆ ಅತ್ತೆ” ಎಂದಿತು ಅವನ ಬೆನ್ನಹಿಂದೆಯೇ ಬಂದಿದ್ದ ಕಂಬಳಿ.

ನಡೆದದ್ದಿಷ್ಟೆ. ಇವನು ಮಂಜಿನಲ್ಲಿ ದಾರಿ ತಪ್ಪಿ ಓಡುವಷ್ಟರಲ್ಲಿ ಪವಿತ್ರ ಅತ್ತೆಯನ್ನು ಹುಡುಕಿಕೊಂಡು ಬಂದಿದ್ದಳು. ಮುದುಕಿ ಗಡಗಡ ನಡುಗುತ್ತಿದ್ದಳು. ಸೊಸೆ ತನ್ನ ಜರ್ಕಿನ್ ಬಿಚ್ಚಿ ತೊಡಿಸಿದಳು, ಅತ್ತೆ ತನ್ನ ಕಂಬಳಿಯನ್ನು ಸೊಸೆಗೆ ಹೊದಿಸಿದಳು. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕಿತ್ತಾಡಿದ ಹೆಂಗಸರು ಪ್ರೀತಿ ತೋರಿಸಲು ಅದೇ ಗಳಿಗೆ ಹುಡುಕಬೇಕೆ! ಕಲ್ಲೇಶನಿಗೆ ಅಳು ಬಂತು, ಮಂಜಿನಲ್ಲಿ ಅದೂ ಯಾರಿಗೂ ಕಾಣಲಿಲ್ಲ.

ಮುಂದಿನ ಮಾತಿಗೆ ಹೆದರಿ ಅವನು ಕಾರಿನೊಳಗೆ ಅಡಗಿ ಕೂತ. ಮಂಜು ಹರಿದ ಮೇಲೆ ಇಣುಕಿ ನೋಡಿದರೆ, ಕಲ್ಲುಬೆಂಚಿನ ಮೇಲೆ ಇಬ್ಬರೂ ತೊಡೆಗೆ ತೊಡೆ ತಾಗಿಸಿ ಕೂತಿದ್ದಾರೆ. ಬುಟ್ಟಿ ಬಾಯಿ ತೆರೆದಿದೆ. ದುರುಗಪ್ಪ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಮೂರನೇ ರೊಟ್ಟಿಗೆ ಕೈ ಹಾಕಿದ್ದಾನೆ. ಎದುರಿಗೆ ಬೆಟ್ಟದ ಹಿಂದೆ ಬೆಟ್ಟ, ಕಣ್ಣು ಹೋದಷ್ಟು ದೂರ ಹಸಿರು.

“ಅಬ್ಬಬ್ಬಾ! ಈ ಹಸುರೆಲ್ಲ ಯಾರು ನೀರು ಹಾಕಿ ಬೆಳೆಸ್ತಾರೆ ತಂಗಿ?” ಎನ್ನುತ್ತಿದ್ದಳು ಭೀಮಕ್ಕ. ಸೊಕ್ಕೆ ಎಂಬ ಹಳ್ಳಿಯ ಒಣ ಬೆದ್ದಲಿನಲ್ಲಿ ಹುಟ್ಟಿ ಬೆಳೆದವಳು, ಪಾಪ, ಇಷ್ಟು ಹಸಿರನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದಳು. ಕಣ್ಣೊರೆಸಿಕೊಂಡಳು.

ಅವ್ವ ಖುಷಿಯಾಗಿದ್ದಾಳೆ, ಹೆಂಡತಿ ಫೋಟೋ ತೆಗೆಯುತ್ತಿದ್ದಾಳೆ. ಗಂಡಾಂತರ ಕಳೆಯಿತೆಂದು ಕಲ್ಲೇಶ ಹಲ್ಲು ಕಿರಿಯುತ್ತಾ ಹತ್ತಿರ ಬಂದು ರೊಟ್ಟಿಗೆ ಕೈ ಚಾಚಿದ.

“ಕೈ ತೆಗಿ” ಎಂದಳು ಭೀಮಕ್ಕ. “ನಿಂದು ಉಪಾಸ.”

“ನಂದ್ಯಾಕವ್ವ?”

“ಗಂಟೆ ಬಾರಿಸ್ದಾಗ ನಾನು ಹರಕೆ ಹೊತ್ತುಬಿಟ್ಟೀನಲ್ಲ. ಮಗ ಸೊಸೆ ಹೀಂಗೇ ಚೆಂದಾಗಿರ್ಲಿ, ವರ್ಷವರ್ಷ ಆಷಾಢಕ್ಕೆ ನನ್ನ ಮಗ ಜಗಳೂರಿಂದ ಉಪಾಸ ಹೊರಟು, ದಾರಿಮ್ಯಾಲೆ ಸಿಕ್ಕ ಪ್ರಸಾದ ಉಂಡ್ಕೊಂಡು, ನಿನ್ನ ಪಾದಕ್ಕೆ ನಡಕೊಂಡು ಬರ್ತಾನೆ ಅಂತ.”

“ನಡ್ಕೊಂಡು? ಜಗಳೂರಿಂದ? ಅವ್ವಾ, ದೇವ್ರೇ ಇಲ್ವಲ್ಲವ್ವ!”

“ಹೆಸ್ರಿಟ್ಟು ಕರ್ದೋನು ನೀನು, ಕಾಯಿ ಒಡೆದೋನು ನೀನು, ಪೂಜೆ ಮಾಡ್ದೋನೂ ನೀನೇ. ಇಷ್ಟೆಲ್ಲ ಆದ್ಮೇಲೆ ಬರದಿರಾಕೆ ದೇವ್ರೇನು ನಿನ್ನಂಗೆ ಸುಳ್ಳನಾ?”

ಕಲ್ಲೇಶ ಹೆಂಡತಿಯ ಕಡೆ ತಿರುಗಿದ. ದೇವರಿಲ್ಲದ ಗುಡ್ಡ ಕೇಳಿದವಳು ಅವಳು, ಅವಳಾದರೂ ಸಾಕ್ಷಿ ನುಡಿಯಬೇಕು. “ಪವೀ, ನೀನೇ ಹೇಳೇ. ಇಲ್ಲಿ ದೇವ್ರು ಐತಾ?”

ಪವಿತ್ರ ಕನ್ನಡಕ ಹಣೆಗೇರಿಸಿ, ಕೊಬ್ಬರಿ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು.

“ನಂಗೆ ಇಲ್ಲ. ಅತ್ತೆಗೆ ಐತೆ. ನೀವೇ ಹೇಳಿದ್ದಲ್ರಿ.”

ಹಾಗಾದರೆ ಕಲ್ಲೇಶನಿಗೆ ದೇವರು ಇದ್ದಾನೋ ಇಲ್ಲವೋ ಎಂಬುದು ಇವತ್ತಿಗೂ ಖಚಿತವಾಗಿಲ್ಲ. ವರ್ಷ ತಿರುಗಿದ್ದು ಮಾತ್ರ ಖಚಿತ.

ಈ ಆಷಾಢದಲ್ಲಿ ಸಂತೆಬೆನ್ನೂರಿನಿಂದ ಚನ್ನಗಿರಿ ಕಡೆ ಹೋಗುವ ರಸ್ತೆಯಲ್ಲಿ, ತುಂತುರು ಮಳೆಯಲ್ಲಿ, ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಬರಿಗಾಲಲ್ಲಿ ಕುಂಟುತ್ತಾ ಹೋಗುವವನೊಬ್ಬನನ್ನು ನೀವು ಕಂಡಿದ್ದರೆ ಅವನೇ ಕಲ್ಲೇಶ. ಹಿಂದಿನಿಂದ ದುರುಗಪ್ಪನ ಕಾರು ಬಂದು ಪಕ್ಕದಲ್ಲಿ ನಿಧಾನವಾಯಿತು. ಒಳಗಿಂದ ಬಿಸಿ ಮಿರ್ಚಿಯ ಘಮಲು, ಅತ್ತೆ ಸೊಸೆಯರ ನಗು. ಇಬ್ಬರೂ ಈ ಸಲ ಒಂದೇ ಬಣ್ಣದ ಜರ್ಕಿನ್ ತೊಟ್ಟಿದ್ದರು.

“ನಿಧಾನಕ್ಕೆ ಬರ್ರೀ, ಅವಸರ ಏನಿಲ್ಲ. ನಾವು ಮ್ಯಾಲೆ ರೂಮ್ ಮಾಡ್ಕೊಂಡು ಇರ್ತೀವಿ” ಎಂದಳು ಪವಿತ್ರ. ಕಾರು ಕೆಸರು ಹಾರಿಸಿ ಮುಂದೆ ಹೋಯಿತು.

ಕಲ್ಲೇಶ ಮೈಲಿಗಲ್ಲಿನ ಮೇಲೆ ಕೂತು ಬೊಬ್ಬೆ ಎದ್ದ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಗದ್ದೆಯಲ್ಲಿ ನೀರು ಕಟ್ಟುತ್ತಿದ್ದ ಮುದುಕನೊಬ್ಬ ಸನಿಕೆ ಕೆಳಗಿಟ್ಟು ಓಡೋಡಿ ಬಂದು, ಒಂದು ಬಾಳೆಹಣ್ಣು ಕೈಗಿತ್ತು, ಇವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

“ಯಾವ ದೇವ್ರಿಗೆ ಪಾದಯಾತ್ರೆ, ಸ್ವಾಮಿ?”

“ಗಾಳಿಗುಡ್ಡದಯ್ಯ.”

“ಹೆಸ್ರೇ ಕೇಳಿರ್ಲಿಲ್ಲ. ಸತ್ಯುಳ್ಳ ದೇವ್ರಾ?”

ಕಲ್ಲೇಶ ಪಾದವನ್ನೊಮ್ಮೆ ನೋಡಿಕೊಂಡ. ಕಾರು ಹೋದ ದಾರಿಯನ್ನೊಮ್ಮೆ ನೋಡಿದ. ಕಣ್ಣಲ್ಲಿ ನೀರು ತುಂಬಿತು.

“ಬಾಳ ಸತ್ಯುಳ್ಳೋನು ಯಜಮಾನ್ರೇ. ಸುಳ್ಳು ಹೇಳ್ದೋರ್ನ ಮಾತ್ರ ಬಿಡೋದೇ ಇಲ್ಲ.”

ಮುದುಕ ಭಕ್ತಿಯಿಂದ ಗಲ್ಲ ಗಲ್ಲ ಬಡಿದುಕೊಂಡು, “ಹಂಗಾದ್ರೆ ಸ್ವಲ್ಪ ತಡೀರಿ ಸ್ವಾಮಿ, ನನ್ನ ಮಗನ್ನೂ ನಿಮ್ಮ ಜೊತೆ ಕಳಿಸ್ತೀನಿ” ಎಂದು ಊರ ಕಡೆ ಓಡಿದ.